ಬೆವರುವ ಕಾರಿನ ಯಜಮಾನರು

ಶ್ರದ್ಧಾಂಜಲಿ ಸಭೆಯಲ್ಲಿ ನಗಬಾರದು ಎನ್ನುವುದು ನನಗೂ ಗೊತ್ತು. ಆದರೆ ಕಳೆದ ತಿಂಗಳು ನವರಂಗಪುರದ ಒಂದು ಬಾಡಿಗೆ ಸಭಾಂಗಣದಲ್ಲಿ, ಗಂಧದ ಹಾರ ಹಾಕಿದ ನಮ್ಮ ಹಿರಿಯ ವಿಜ್ಞಾನಿಯೊಬ್ಬರ ಫೋಟೋದ ಎದುರು, ನಾವು ಅಹಮದಾಬಾದಿನ ಕನ್ನಡಿಗರು ನಕ್ಕ ನಗುವಿಗೆ ಪಕ್ಕದ ಟ್ಯೂಷನ್ ಕ್ಲಾಸಿನ ಮಾಸ್ತರರು ಬಂದು ಬಾಗಿಲಲ್ಲಿ ಇಣುಕಿ ಹೋದರು. ಶುರು ಮಾಡಿದವರು ನಮ್ಮ ಸಂಸ್ಥೆಯ ನಿವೃತ್ತ ನಿರ್ದೇಶಕರು. ಕನ್ನಡಕ ಏರಿಸಿಕೊಂಡು “ಅವರೊಬ್ಬ ಮೇಧಾವಿ” ಎಂದರು. ಎರಡನೆಯ ವಾಕ್ಯಕ್ಕೇ “ಒಂದು ಸಲ ಅವರ ಕಾರಿನಲ್ಲಿ ಏರ್‌ಪೋರ್ಟಿಗೆ ಹೊರಟಾಗ...” ಎಂದು ಜಾರಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಎದ್ದು ನಿಂತವರೆಲ್ಲ, ವಿಜ್ಞಾನಿಯಾಗಲಿ, ಕನ್ನಡ ಸಂಘದ ಕಾರ್ಯದರ್ಶಿಯಾಗಲಿ, ಸುತ್ತಿ ಬಳಸಿ ಆ ಕಾರಿನ ಹತ್ತಿರವೇ ಬಂದು ನಿಂತರು. ಮುಂದಿನ ಸಾಲಿನಲ್ಲಿ ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು.

ನನ್ನ ಸರದಿ ಬಂದಾಗ ಫೋಟೋಕ್ಕೆ ಕೈಮುಗಿದು ಕೂತುಬಿಟ್ಟೆ. ಹೇಳುವುದು ಬಹಳ ಇತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಗ್ರಾಫ್ ಇಲ್ಲದ ಪುಟದಲ್ಲಿ ತಮ್ಮ ಹೆಸರು ಅಚ್ಚಾಗುವುದು ಅವರಿಗೆ ಸೇರುತ್ತಿರಲಿಲ್ಲ.

ಈ ಶತಮಾನದ ಆರಂಭದ ವರ್ಷಗಳಲ್ಲಿ ನಾನು ತುಮಕೂರಿನಿಂದ ಬಂದು ಅಹಮದಾಬಾದಿನ ಒಂದು ಕೇಂದ್ರ ಸಂಶೋಧನಾ ಸಂಸ್ಥೆ ಸೇರಿದೆ. ನಮ್ಮ ವಿಭಾಗಕ್ಕೆ ಅವರೇ ಹಿರಿಯರು. ಧಾರವಾಡದವರು, ಕುಳ್ಳಗೆ, ದುಂಡಗೆ, ಅರ್ಧತೋಳಿನ ಅಂಗಿ. ಜೇಬಿನಲ್ಲಿ ಪೆನ್ನು ಇರಬೇಕಾದಲ್ಲಿ ಒಂದು ಇಂಜೆಕ್ಷನ್ ಸಿರಿಂಜು. ಮೊದಲ ದಿನ ನಾನು ಅವರನ್ನು ದನದ ಡಾಕ್ಟರು ಅಂದುಕೊಂಡಿದ್ದೆ.

ಸಿರಿಂಜಿಗೆ ಕಾರಣವಿತ್ತು. ನಮ್ಮದು ನಿರ್ವಾತದ ಕೆಲಸ. ದೊಡ್ಡ ಉಕ್ಕಿನ ಪಾತ್ರೆಗಳಿಂದ ಗಾಳಿಯನ್ನೆಲ್ಲ ಪಂಪಿನಿಂದ ಎಳೆದುಹಾಕುವುದು, ಆಮೇಲೆ ಒಳಗೆ ಪ್ರಯೋಗ ಮಾಡುವುದು. ಎಲ್ಲೋ ಕೂದಲೆಳೆಯಷ್ಟು ಸಂದಿದ್ದರೂ ಹೊರಗಿನ ಗಾಳಿ ನುಸುಳಿ ಎಲ್ಲ ಕೆಡುತ್ತದೆ. ಅಂಥ ಸಂದು ಹುಡುಕುವಾಗ ಬೆಸುಗೆ, ಜೋಡಣೆ ಇರುವ ಕಡೆಯೆಲ್ಲ ಸಿರಿಂಜಿನಿಂದ ಒಂದೊಂದು ಹನಿ ದ್ರವ ಬಿಟ್ಟು ಮೀಟರಿನ ಮುಳ್ಳು ನೋಡುತ್ತ ಕೂರಬೇಕು. ಮುಳ್ಳು ಅಲ್ಲಾಡಿದರೆ ಕಳ್ಳ ಸಿಕ್ಕ. ಈ ಕೆಲಸದಲ್ಲಿ ಅವರನ್ನು ಮೀರಿಸಿದವರು ಈ ಸೀಮೆಯಲ್ಲಿ ಇರಲಿಲ್ಲ. “ಈ ಜಗತ್ತಿನಾಗ ಸೋರಲಾರದ್ದು ಯಾವುದೂ ಇಲ್ಲ ತಂಗಿ,” ಎನ್ನುತ್ತಿದ್ದರು. “ಎಷ್ಟು ಸೋರತದ ಅನ್ನೋದಷ್ಟ ಪ್ರಶ್ನೆ.” ಈ ಮಾತನ್ನು ಅವರು ಉಕ್ಕಿನ ಪಾತ್ರೆಗೂ ಅನ್ವಯಿಸುತ್ತಿದ್ದರು, ನಿರ್ದೇಶಕರ ಗುಟ್ಟಿನ ಮೀಟಿಂಗಿಗೂ ಅನ್ವಯಿಸುತ್ತಿದ್ದರು.

ಇಂಥವರ ಸ್ವಂತ ಕಾರು ಪೆಟ್ರೋಲು ಸೋರುತ್ತಿತ್ತು.

ಅದು ಬಿಳಿ ಬಣ್ಣದ, ಸ್ಟಿಯರಿಂಗಿನ ಪಕ್ಕದಲ್ಲೇ ಗೇರು ಇರುವ ಹಳೆಯ ಕಾಲದ ಕಾರು. ಹಿಂದೆ ಡಿಕ್ಕಿಯ ಬಳಿ ಪೆಟ್ರೋಲ್ ಟ್ಯಾಂಕು, ಮುಂದೆ ಎಂಜಿನ್ನಿನ ಪಕ್ಕ ಅದನ್ನು ಎಳೆದುಕೊಳ್ಳುವ ಪಂಪು, ಎರಡಕ್ಕೂ ನಡುವೆ ಕಾರಿನ ಹೊಟ್ಟೆಯ ಕೆಳಗೆ ಹಾದುಹೋಗುವ ಒಂದು ಸಣ್ಣ ಕೊಳವೆ. ಕೊಳವೆಯ ಎರಡು ತುದಿಗೂ ರಬ್ಬರ್ ಪೈಪಿನ ತುಂಡು, ಬಿಗಿಯಲು ಕ್ಲಿಪ್ಪು. ಇಷ್ಟೇ ಸಂಸಾರ. ಇದರಲ್ಲಿ ಎಲ್ಲೋ ಒಂದು ಕಡೆ ಹನಿ ಬೀಳುತ್ತಿತ್ತು. ಸಂಸ್ಥೆಯಲ್ಲಿ ಅವರ ಕಾರಿಗೆ ಒಂದು ಮೂಲೆಯ ಜಾಗ ಗೊತ್ತು ಮಾಡಿ, ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಟಿದ್ದರು. ಬೀಡಿ ಸೇದುವ ಮಾಲಿ ಆ ಕಡೆಯ ಗಿಡಗಳಿಗೆ ನೀರು ಹಾಕುವುದನ್ನೇ ಬಿಟ್ಟಿದ್ದ.

“ಸರ್, ನಿಮ್ಮ ಕಾರು ಲೀಕ್ ಆಗ್ತಿದೆ” ಎಂದು ಹೊಸಬರು ಯಾರಾದರೂ ಹೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. “ಲೀಕ್ ಅನ್ನಬ್ಯಾಡ್ರಿ. ಲೀಕ್ ಅನ್ನೋದಕ್ಕ ಒಂದು ಅಳತಿ ಇರಬೇಕಾಗತದ. ಇದು ಬರೇ ಬೆವರು.” ಈ ಬೆವರಿನ ಬಗ್ಗೆ ಅವರು ವರ್ಷಗಟ್ಟಲೆ ಸಂಶೋಧನೆ ಮಾಡಿ ಎರಡು ಸತ್ಯ ಕಂಡುಕೊಂಡಿದ್ದರು. ಒಂದು, ಓಡುವಾಗ ಬೆವರು ಬರುವುದಿಲ್ಲ, ನಿಂತಾಗ ಬರುತ್ತದೆ. ಇನ್ನೊಂದು, ಟ್ಯಾಂಕು ತುಂಬಿಸಿದರೆ ಹೆಚ್ಚು ಬರುತ್ತದೆ. ಬೇರೆ ಯಾರಾದರೂ ಆಗಿದ್ದರೆ ಇದನ್ನು ಹಿಡಿದುಕೊಂಡು ಗ್ಯಾರೇಜಿಗೆ ಹೋಗುತ್ತಿದ್ದರು. ಇವರು ದಾರಿಯಲ್ಲಿ ಕಾರನ್ನು ನಿಲ್ಲಿಸುವುದನ್ನೂ ಟ್ಯಾಂಕು ತುಂಬಿಸುವುದನ್ನೂ ಬಿಟ್ಟರು.

ಹಾಗಾಗಿ ಬೆಳಿಗ್ಗೆ ಅವರ ಕಾರಿನಲ್ಲಿ ಹೋಗುವ ನಾವು ಓಡುವ ಕಾರನ್ನೇ ಹತ್ತಬೇಕಿತ್ತು. ನವರಂಗಪುರದಲ್ಲಿ ನಾನಿದ್ದ ಬಾಡಿಗೆ ಫ್ಲ್ಯಾಟಿನ ಮುಂದೆ ಅವರು ಮೊದಲ ಗೇರಿನಲ್ಲಿ ಬಸವನಹುಳುವಾಗಿ ಬರುತ್ತಿದ್ದರು. ಹಿಂದಿನ ಆಟೋದವರು ಹಾರ್ನ್ ಬಾರಿಸಿ ಕಿರುಚುತ್ತಿದ್ದರು. ವೈನಿ, ಅಂದರೆ ಅವರ ಹೆಂಡತಿ, ಒಳಗಿನಿಂದ ಬಾಗಿಲು ತೆರೆದು ಹಿಡಿಯುತ್ತಿದ್ದರು. ನಾನು ಚೂಡಿದಾರದ ದುಪಟ್ಟಾ ಸೊಂಟಕ್ಕೆ ಕಟ್ಟಿ, ನಾಲ್ಕು ಹೆಜ್ಜೆ ಓಡಿ ಹಾರಿ ಕೂರುತ್ತಿದ್ದೆ. ಒಮ್ಮೆ ಚಪ್ಪಲಿ ರಸ್ತೆಯಲ್ಲೇ ಉಳಿಯಿತು. “ಸಂಜಿಗೆ ಬರೂವಾಗ ತಗೊಳ್ಳೂಣಂತ,” ಎಂದರು, ಕಾರು ನಿಲ್ಲಿಸಲಿಲ್ಲ. ದಿನವಿಡೀ ಲ್ಯಾಬಿನಲ್ಲಿ ಒಂದೇ ಚಪ್ಪಲಿಯಲ್ಲಿ ಓಡಾಡಿದೆ.

ಕಾರಿನಲ್ಲಿ ಕೂತವರಿಗೆಲ್ಲ ಒಂದೊಂದು ಕೆಲಸ. ಮುಂದೆ ಕೂತವರು ಎಂಜಿನ್ನಿನ ಸದ್ದು ಕೇಳಬೇಕು. ಹಿಂದೆ ಟ್ಯಾಂಕಿನ ಬದಿಗೆ ಕೂತವರಿಗೆ ಮೂಗಿನ ಡ್ಯೂಟಿ. ಸಿಗ್ನಲ್ ಬಂದಾಗಲೆಲ್ಲ “ಮೂಗು, ಎಷ್ಟು?” ಎಂದು ಕೇಳುತ್ತಿದ್ದರು. ವಾಸನೆಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಹೇಳಬೇಕಿತ್ತು. ನನ್ನ ಮೂಗು ಮೊದಲಿನಿಂದಲೂ ಚುರುಕು. ಅಮ್ಮ ಬೆಳಿಗ್ಗೆ ಕಾಯಿಸಿದ ಹಾಲು ಸಂಜೆಗೆ ಒಡೆಯುತ್ತದೋ ಇಲ್ಲವೋ ಎಂದು ಮೂಸಿ ಹೇಳುತ್ತಿದ್ದವಳು ನಾನು. ಹೀಗಾಗಿ ಬೇಗ ಖಾಯಂ ಆದೆ. “ಈ ಹುಡುಗಿ ಮೂಗು ನಮ್ಮ ಲ್ಯಾಬಿನ ಮೀಟರಿಗಿಂತ ಭಾಳ ಛಲೋ ಅದ,” ಎಂದು ಸಿಕ್ಕಸಿಕ್ಕವರ ಮುಂದೆ ಹೊಗಳುತ್ತಿದ್ದರು. ಮದುವೆಯಾಗದ ಹುಡುಗಿಗೆ ಇಂಥ ಹೊಗಳಿಕೆಯಿಂದ ಏನು ಉಪಯೋಗ ಎಂದು ವೈನಿ ಗೊಣಗುತ್ತಿದ್ದರು.

ವೈನಿಯದು ಬೇರೆಯೇ ತಪಸ್ಸು. ಗಂಡ ಕಾರಿನ ಕೆಲಸ ಮುಗಿಸಿ ಮನೆಗೆ ಬಂದರೆ ಬಾಗಿಲಲ್ಲೇ ತಡೆಯುತ್ತಿದ್ದರು. “ದೇವರ ಮುಂದ ದೀಪಾ ಹಚ್ಚೇನಿ. ಅಲ್ಲೇ ನಿಂದರ್ರಿ. ಸ್ನಾನಾ ಆಗೂತನಕಾ ಒಳಗ ಕಾಲಿಡಬ್ಯಾಡ್ರಿ.” ಅವರು ಹಿಂಬದಿಯ ಬಾಗಿಲಿನಿಂದ ಬಚ್ಚಲಿಗೆ ಹೋಗುತ್ತಿದ್ದರು. ದೀಪಾವಳಿ ಬಂದರೆ ವೈನಿ ಕಾರನ್ನು ಕಾಲೋನಿಯ ಆಚೆಗೆ ಕಳಿಸಿ, ಹಬ್ಬ ಮುಗಿದ ಮೇಲೆ ಒಳಗೆ ತರಿಸುತ್ತಿದ್ದರು.

ಗ್ಯಾರೇಜಿಗೆ ಹೋಗಿರಲಿಲ್ಲವೆಂದಲ್ಲ. ಹೋದಾಗಲೆಲ್ಲ ಅವರು ಮೆಕ್ಯಾನಿಕ್ಕಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ದ್ರವಗಳ ಸ್ವಭಾವದ ಬಗ್ಗೆ ಹಿಂದಿಯಲ್ಲಿ ಪಾಠ ಮಾಡುತ್ತಿದ್ದರು. ಸ್ಪ್ಯಾನರ್ ಎಷ್ಟು ತಿರುಗಿಸಬೇಕೆಂದು ಹೇಳಿ, ತಿರುಗಿಸಿದ ಮೇಲೆ ಯಾಕೆ ಅಷ್ಟೇ ತಿರುಗಿಸಿದೆ ಎಂದು ಕೇಳುತ್ತಿದ್ದರು. ಕಡೆಗೆ ಆ ಮೆಕ್ಯಾನಿಕ್ಕು ಕೈಮುಗಿದು “ಸಾಹೇಬ್, ತಮೇ ಘೇರ್ ರಹೋ, ಗಾಡಿ ಮೋಕಲೋ” ಎಂದ. ನೀವು ಮನೆಯಲ್ಲಿರಿ, ಗಾಡಿ ಮಾತ್ರ ಕಳಿಸಿ ಎಂದು. ಅವರಿಗೆ ಬಹಳ ಅವಮಾನವಾಯಿತು. ತಾವಿಲ್ಲದೆ ತಮ್ಮ ಕಾರು ಇನ್ನೊಬ್ಬರ ಕೈಗೆ ಹೋಗುವುದೇ ಇಲ್ಲ ಎಂದು ಅಲ್ಲೇ ಶಪಥ ಮಾಡಿ ಬಂದರು. ಆ ಮೆಕ್ಯಾನಿಕ್ಕು ಆವತ್ತಿನಿಂದ ಈ ಕಾರಿನ ಸದ್ದು ಕೇಳಿದರೆ ಶಟರ್ ಎಳೆಯುತ್ತಿದ್ದನಂತೆ.

ಸೂರತ್ತಿನ ಕತೆಯನ್ನು ಅವರೇ ಹೇಳಿಕೊಂಡು ನಗುತ್ತಿದ್ದರು. ಅಲ್ಲಿನ ಕತಾರ್‌ಗಾಮ್ ಬಡಾವಣೆಯಲ್ಲಿ ಒಬ್ಬ ಸೇಠ್ ಸೀರೆಯ ಜರಿಗೆ ಹೊಳಪು ಲೇಪಿಸುವ ಕಾರ್ಖಾನೆ ಇಟ್ಟಿದ್ದ. ಅದೂ ನಿರ್ವಾತದ ಯಂತ್ರವೇ. ಎಲ್ಲೋ ಗಾಳಿ ನುಸುಳಿ ಜರಿಯೆಲ್ಲ ಕಪ್ಪಾಗುತ್ತಿತ್ತು. ಮುಂಬಯಿಯವರೆಲ್ಲ ಬಂದು ಕೈಚೆಲ್ಲಿ ಹೋದ ಮೇಲೆ ಇವರನ್ನು ಕರೆಸಿದ. ಇವರು ಸಿರಿಂಜು ತೆಗೆದು ಒಂದು ಸುತ್ತು ಬಂದು, ಯಂತ್ರದ ಬಾಗಿಲಿನ ತಿರುಗಣಿಯ ಬಳಿ ಬೆರಳಿಟ್ಟು “ಇಲ್ಲಿ” ಎಂದರು. ಅಲ್ಲೇ ಇತ್ತು. ಸೇಠ್ ಆನಂದದಿಂದ ಬೀಳ್ಕೊಡಲು ರಸ್ತೆಯವರೆಗೂ ಬಂದ. ನೋಡಿದರೆ ಇವರ ಕಾರಿನ ಕೆಳಗೆ ಪೆಟ್ರೋಲಿನ ಮಡು. “ಸಾಹೇಬ್, ಆ ಗಾಡಿ ತಮಾರಿ ಛೇ?” ಎಂದ, ಈ ಗಾಡಿ ನಿಮ್ಮದೇ ಎಂದು ಬೆರಗಾಗಿ. “ಹೌದು, ಆದ್ರ ಅದು ಬ್ಯಾರೆ ಡಿಪಾರ್ಟ್‌ಮೆಂಟು,” ಎಂದು ಕನ್ನಡದಲ್ಲೇ ಹೇಳಿ ಕಾರು ಹತ್ತಿದರಂತೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಲ್ಯಾಬಿನಲ್ಲಿ ಆಗಷ್ಟೇ ನನಗೆಂದು ಒಂದು ಸ್ವಂತ ನಿರ್ವಾತ ಯಂತ್ರ ಕೊಟ್ಟಿದ್ದರು. ಅದರ ಪ್ರತಿ ಬೋಲ್ಟನ್ನೂ ನಾನೇ ಬಿಗಿದಿದ್ದೆ. ಒಳಗಿನ ಗಾಳಿಯೆಲ್ಲ ಹೋಗಿ ಅದರ ಮೀಟರಿನ ಮುಳ್ಳು ಮೊದಲ ಬಾರಿಗೆ ಕೆಳಗಿಳಿದು ನಿಂತಾಗ ನನಗೆ ಆದ ಸಂತೋಷ ಪರೀಕ್ಷೆಯಲ್ಲಿ ಪಾಸಾದಾಗಲೂ ಆಗಿರಲಿಲ್ಲ. ಅದೇ ಹೊತ್ತಿಗೆ ತುಮಕೂರಿನಿಂದ ಅಪ್ಪನ ಫೋನು. ವಡೋದರಾದಲ್ಲಿ ಒಂದು ಕನ್ನಡದ ಮನೆತನವಿದೆ, ಮೈಸೂರು ಕಡೆಯವರು, ಹುಡುಗ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿ. ಈ ಸಂಬಂಧ ಕೂಡಿಬಂದರೆ ಸರಿ, ಇಲ್ಲದಿದ್ದರೆ ಕೆಲಸ ಬಿಟ್ಟು ಊರಿಗೆ ಬಂದುಬಿಡು ಎಂದರು. ಹುಡುಗ ಒಪ್ಪದಿದ್ದರೆ ಅಪ್ಪ ಕೆಲಸ ಬಿಡಿಸುತ್ತಾರೆ. ಒಪ್ಪಿದರೆ ಅತ್ತೆ ಮಾವ ಬಿಡಿಸುತ್ತಾರೆ. ಎತ್ತ ನೋಡಿದರೂ ನನ್ನ ಯಂತ್ರ ಇನ್ನೊಬ್ಬರ ಪಾಲಾಗುವುದು ಖಂಡಿತ ಎಂದು ವೈನಿಯ ಮುಂದೆ ಕೂತು ಅತ್ತುಬಿಟ್ಟೆ. ಸರ್ ಒಳಗೆ ಸಿರಿಂಜು ತೊಳೆಯುತ್ತಿದ್ದರು.

ಹುಡುಗನ ತಾಯಿಗೆ ಮಂಡಿಯ ಆಪರೇಷನ್ ಆಗಿತ್ತು, ಪ್ರಯಾಣ ಮಾಡುವಂತಿರಲಿಲ್ಲ. ಆದ್ದರಿಂದ ಹುಡುಗಿಯೇ ಹೋಗಿ ಕಾಣಿಸಿಕೊಂಡು ಬರುವುದೆಂದಾಯಿತು. ನಮ್ಮ ಕಡೆಯ ಹಿರಿಯರಾಗಿ ಇವರೂ ವೈನಿಯೂ. ರೈಲಿನಲ್ಲಿ ಹೋಗೋಣವೆಂದು ನಾನು ಬೇಡಿಕೊಂಡೆ. “ಹೆಣ್ಣಿನ ಕಡೆಯವರು ರೈಲಿನಾಗ ನೇತಾಡಕೋತ ಹೋಗಬೇಕೇನು? ಕಾರಿನಾಗ ಮರ್ಯಾದಿಲೆ ಹೋಗೂಣು,” ಎಂದರು. ದೂರದ ದಾರಿಯೆಂದು ಎಂದೂ ಇಲ್ಲದೆ ಟ್ಯಾಂಕು ಭರ್ತಿ ಮಾಡಿಸಿದರು. ಬೆವರಿನ ಎರಡನೆಯ ಸತ್ಯ ನನಗೆ ನೆನಪಾಯಿತು.

ಚಳಿಗಾಲದ ಒಂದು ಭಾನುವಾರ ಹೊರಟೆವು. ನಾನು ರೇಷ್ಮೆ ಸೀರೆಯುಟ್ಟು ಹಿಂದಿನ ಸೀಟಿನಲ್ಲಿ ಮೂಗಿನ ಡ್ಯೂಟಿಗೆ ಕೂತೆ. ವೈನಿ ದಾರಿಯುದ್ದಕ್ಕೂ ಗಂಡನಿಗೆ ಪಾಠ ಒಪ್ಪಿಸುವುದನ್ನು ಕಲಿಸಿದರು. “ಹುಡುಗಿ ಛಲೋ ಇದ್ದಾಳ. ಮನಿತನಾ ಛಲೋ ಅದ. ಮುಂದಿಂದು ದೊಡ್ಡವರು ಮಾತಾಡಲಿ. ಇಷ್ಟ ಅನ್ರಿ. ಕಾರಿನ ಸುದ್ದಿ ತಗೀಬ್ಯಾಡ್ರಿ.” ಅವರು ಶಾಲೆಯ ಹುಡುಗನಾಗಿ ಮೂರೂ ವಾಕ್ಯ ಬಾಯಿಪಾಠ ಮಾಡಿದರು. ನಡಿಯಾದಿನಲ್ಲಿ ಚಹಾ ಕುಡಿಯಲೇಬೇಕೆಂದು ವೈನಿ ಹಟ ಹಿಡಿದಾಗ ಎಂಜಿನ್ ಬಂದ್ ಮಾಡದೆ ಕಿಟಕಿಯಲ್ಲೇ ಲೋಟ ಇಸಿದುಕೊಂಡರು. “ಮೂಗು, ಎಷ್ಟು?” ಎಂದರು. “ಏಳು,” ಎಂದೆ. ಆಣಂದ್ ದಾಟುವಾಗ ಎಂಟಾಯಿತು. ವಡೋದರಾ ಬಂದಾಗ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹುಡುಗನ ಮನೆ ಕಾರ್ಖಾನೆಯ ಕಾಲೋನಿಯಲ್ಲಿ, ನೆಲಮಹಡಿಯ ಮೊದಲ ಮನೆ. ಜಗಲಿಯಲ್ಲಿ ಬೆತ್ತದ ಕುರ್ಚಿಯ ಮೇಲೆ ಕಾಲು ನೀಡಿಕೊಂಡು ತಾಯಿ ಕೂತಿದ್ದರು. ತಂದೆ ಗೇಟಿಗೆ ಬಂದು “ಬನ್ನಿ ಬನ್ನಿ” ಎಂದರು. ಹುಡುಗ ಇಸ್ತ್ರಿ ಮಾಡಿದ ಅಂಗಿಯಲ್ಲಿ ಹೊರಗೆ ಬಂದು ನಮಸ್ಕಾರಕ್ಕೆ ಕೈ ಎತ್ತಿದವನು ಅರ್ಧಕ್ಕೇ ನಿಲ್ಲಿಸಿದ. ಅವನ ಮೂಗಿನ ಹೊಳ್ಳೆ ಅರಳಿತು. ನನ್ನನ್ನು ದಾಟಿ ಅವನ ದೃಷ್ಟಿ ಕಾರಿನ ಕೆಳಗೆ ಹೋಯಿತು.

“ಪೆಟ್ರೋಲ್?” ಎಂದ. ಅವನು ನನ್ನ ಜೊತೆ ಆಡಿದ ಮೊದಲ ಮಾತು ಅದು.

“ಹೌದು,” ಎಂದೆ.

ಆಮೇಲೆ ಅಲ್ಲಿ ನಡೆದದ್ದನ್ನು ಹೆಣ್ಣು ನೋಡುವ ಶಾಸ್ತ್ರ ಎಂದು ಯಾರೂ ಕರೆಯಲಾರರು. “ಮಮ್ಮಿ, ಅಗರಬತ್ತಿ ಬುಝಾಯಿಸಿ, ಆರಿಸಿ! ಪಪ್ಪಾ, ಗ್ಯಾಸ್ ಬಂದ್!” ಎಂದು ಕೂಗುತ್ತ ಒಳಗೆ ಓಡಿದ. ಒಲೆಯ ಮೇಲೆ ನಮಗಾಗಿ ಬೇಯುತ್ತಿದ್ದ ಕೇಸರಿಬಾತು ಅರ್ಧಕ್ಕೇ ನಿಂತಿತು. ಹೊರಗೆ ಬಂದಾಗ ಅವನ ಒಂದು ಕೈಯಲ್ಲಿ ಮರಳಿನ ಬಕೆಟ್, ಇನ್ನೊಂದರಲ್ಲಿ ಬೆಂಕಿ ನಂದಿಸುವ ಕೆಂಪು ಸಿಲಿಂಡರು. ಅಕ್ಕಪಕ್ಕದ ಬಾಲ್ಕನಿಗಳು ತುಂಬಿದವು.

“ಗಾಬರಿ ಆಗಬ್ಯಾಡ್ರಿ, ಇದು ಲೀಕ್ ಅಲ್ಲ, ಬೆವರು,” ಎಂದರು ನಮ್ಮವರು, ಕಾರಿನ ಯಜಮಾನರು.

“ಸರ್, ಪೆಟ್ರೋಲ್ ಬೆವರಲ್ಲ,” ಎಂದ ಹುಡುಗ, ಬಹಳ ವಿನಯದಿಂದ.

ವೈನಿ ಕಣ್ಣು ಮುಚ್ಚಿಕೊಂಡರು. ಗಂಡಸರಿಬ್ಬರೂ ಬಾನೆಟ್ ಎತ್ತಿದರು. ನಮ್ಮವರು ಸಿರಿಂಜು ತೆಗೆದು, ತೊಂದರೆ ಪಂಪಿನ ಹತ್ತಿರವೇ ಇದೆ, ಎಂಜಿನ್ ಚಾಲೂ ಮಾಡಿದರೆ ಹನಿ ಬಿಟ್ಟು ಸದ್ದಿನಿಂದ ಕಂಡುಹಿಡಿಯುತ್ತೇನೆ ಎಂದರು. ಚಾಲೂ ಮಾಡಿದರೆ ಕಾಲೋನಿ ಖಾಲಿ ಮಾಡಿಸಬೇಕಾಗುತ್ತದೆ ಎಂದು ಹುಡುಗ ಹೇಳಿದ. ಚಾಲೂ ಮಾಡದೆ ಪರೀಕ್ಷೆ ಹೇಗೆ ಎಂದು ಇವರು. ಪರೀಕ್ಷೆಯೇ ಬೇಡ ಎಂದು ಅವನು. ಕಾರಿನ ಕೆಳಗೆ ಹನಿ ಬೀಳುತ್ತಲೇ ಇತ್ತು. ತಂದೆ ಪೇಪರಿನಿಂದ ಗಾಳಿ ಬೀಸಿ ವಾಸನೆಯನ್ನು ಪಕ್ಕದ ಮನೆಗೆ ಕಳಿಸುವ ಪ್ರಯತ್ನದಲ್ಲಿದ್ದರು. ನಾನು ಜಗಲಿಯ ಮೆಟ್ಟಿಲ ಮೇಲೆ ನಿಂತು, ಈ ಸಂಬಂಧ ಕೈತಪ್ಪಿತು, ನಾಳೆಯೇ ತುಮಕೂರಿನ ರೈಲು, ನನ್ನ ಯಂತ್ರ ಹೋಯಿತು ಎಂದು ಲೆಕ್ಕ ಹಾಕುತ್ತಿದ್ದೆ. ಅಳು ಬರುವ ಬದಲು ರೇಗಿತು.

“ಮುಂದೆ ಅಲ್ಲ ಸರ್, ಹಿಂದೆ,” ಎಂದೆ. “ವಾಸನೆ ಟ್ಯಾಂಕಿನ ಹತ್ತಿರ ಬರ್ತಿದೆ.”

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಬ್ಬರೂ ಪಂಪಿನ ಮೇಲೆ ಬಗ್ಗಿ ವಾದಿಸುತ್ತಿದ್ದರು. ಜಗಲಿಯಲ್ಲಿ ಒಗೆದು ಮಡಿಸಿಟ್ಟಿದ್ದ ಹಳೆಯ ಚಾದರವನ್ನು ತೆಗೆದುಕೊಂಡು, ಕಾರಿನ ಹಿಂದೆ ಹಾಸಿ, ಸೆರಗು ಸಿಕ್ಕಿಸಿ ಕೆಳಗೆ ನುಸುಳಿದೆ.

“ತಂಗೀ, ರೇಷ್ಮಿ ಸೀರಿ!” ಎಂದು ನಮ್ಮವರ ಕೂಗು ಕೇಳಿಸಿತು.

ಮೂಗು ಹೇಳಿದ್ದು ಸರಿಯಾಗಿತ್ತು. ಟ್ಯಾಂಕಿನಿಂದ ಹೊರಬರುವ ನಳಿಕೆಗೆ ಸಿಕ್ಕಿಸಿದ ರಬ್ಬರ್ ಪೈಪು ಕ್ಲಿಪ್ಪಿನ ಬುಡದಲ್ಲೇ ಬಿರುಕು ಬಿಟ್ಟಿತ್ತು. ಅಲ್ಲಿಂದ ಹನಿ ಕಟ್ಟಿ ಕಟ್ಟಿ ಬೀಳುತ್ತಿತ್ತು. ಅಷ್ಟರಲ್ಲಿ ಇನ್ನೊಂದು ಬದಿಯಿಂದ ಹುಡುಗ ತೆವಳಿ ಬಂದ, ಕಾರ್ಖಾನೆಯ ಕಿಡಿ ಹಾರದ ಟಾರ್ಚು, ಸ್ಕ್ರೂಡ್ರೈವರ್, ಬ್ಲೇಡು ಹಿಡಿದುಕೊಂಡು. ಹೀಗೆ ನಾವಿಬ್ಬರೂ ಒಬ್ಬರನ್ನೊಬ್ಬರು ಸರಿಯಾಗಿ ನೋಡಿದ್ದು ಕಾರಿನ ಕೆಳಗೆ, ಅಂಗಾತ ಮಲಗಿಕೊಂಡು.

“ನನಗೆ ಕನ್ನಡ ಸಮಜ್ ಆಗುತ್ತೆ,” ಎಂದ. “ಬೋಲೋಕೆ ಥೋಡಾ ಪ್ರಾಬ್ಲಮ್.”

“ಮಾತು ಆಮೇಲೆ. ಇದನ್ನು ಏನ್ ಮಾಡೋದು?”

“ಪೈಪ್ ನಿಕಾಲ್ ಮಾಡಿ, ಫಟಾ ಆಗಿರೋ ಪೀಸ್ ಕಟ್ ಮಾಡಿ, ವಾಪಸ್ ಹಾಕೋದು. ಲೂಸ್ ಇದೆ, ಲಂಬಾಯಿ ಸಾಲುತ್ತೆ. ಆದ್ರೆ ನಿಕಾಲ್ ಮಾಡಿದ್ರೆ ಟ್ಯಾಂಕ್ ಫುಲ್ ಖಾಲಿ ಆಗುತ್ತೆ.”

“ನಾನು ಬೆರಳು ಹಿಡೀತೀನಿ. ತೆಗೀರಿ.”

ಅವನು ಕ್ಲಿಪ್ಪು ಸಡಿಲಿಸಿ ಪೈಪು ಎಳೆದ. ನಾನು ನಳಿಕೆಯ ಬಾಯಿಗೆ ಹೆಬ್ಬೆರಳು ಒತ್ತಿದೆ. ಒತ್ತುವಷ್ಟರಲ್ಲಿ ತಣ್ಣನೆಯ ಪೆಟ್ರೋಲು ಮೊಣಕೈವರೆಗೂ ಇಳಿದು ರವಿಕೆಯ ತೋಳಿಗೂ ಅಮ್ಮ ಕಳಿಸಿದ್ದ ಸೀರೆಗೂ ಸೇರಿತು. ಅವನು ಬಿರುಕು ಬಿಟ್ಟ ತುದಿಯನ್ನು ಕತ್ತರಿಸುತ್ತಿದ್ದ. ನಾನು ಅಲ್ಲಾಡುವಂತಿರಲಿಲ್ಲ.

“ನಿಮಗೆ ಲ್ಯಾಬ್ ಕೆಲಸ ಬಿಡಬೇಕು ಅಂತ ಇದೆಯಾ?” ಎಂದು ಇದ್ದಕ್ಕಿದ್ದಂತೆ ಕೇಳಿದ.

“ಇಲ್ಲ.”

“ಬಿಲ್ಕುಲ್ ಇಲ್ಲ?”

“ಬಿಲ್ಕುಲ್ ಇಲ್ಲ. ಬೇಗ ಕಟ್ ಮಾಡಿ, ಬೆರಳು ಜೋಮು ಹಿಡೀತಿದೆ.”

ಬಂಪರಿನ ಬಳಿ ಎರಡು ಕಾಲು ಬಂದು ನಿಂತವು. ಹುಡುಗನ ತಂದೆ ಕುಕ್ಕರಗಾಲಲ್ಲಿ ಕೂತು, ಫ್ಲಾಸ್ಕಿನಿಂದ ಬಗ್ಗಿಸಿದ ಕಾಫಿಯ ತಟ್ಟೆಯನ್ನು ಕಾರಿನ ಕೆಳಗೆ ಚಾಚಿ “ಕಾಫಿ ತಗೊಳ್ಳಮ್ಮಾ,” ಎಂದರು. ನನ್ನ ಒಂದು ಕೈ ಟ್ಯಾಂಕಿನ ನಳಿಕೆಯ ಮೇಲಿತ್ತು. ಇನ್ನೊಂದು ಕೈಯಲ್ಲಿ ಟಾರ್ಚು. “ಅಲ್ಲೇ ಇಡಿ ಮಾವ,” ಎಂದುಬಿಟ್ಟೆ. ಬಾಯಿತಪ್ಪಿ ಬಂದ ಮಾತು. ಪಕ್ಕದಲ್ಲಿ ಬ್ಲೇಡು ನಿಂತಿತು. ಆಮೇಲೆ ಅವನು ನಕ್ಕ.

ಪೈಪು ಕೂತಿತು, ಕ್ಲಿಪ್ಪು ಬಿಗಿಯಿತು. ಕಾದು ನೋಡಿದೆವು. ಹನಿ ಬೀಳಲಿಲ್ಲ. ನಾವು ಹೊರಗೆ ಬಂದಾಗ ನಮ್ಮವರು ಕತ್ತರಿಸಿದ ರಬ್ಬರ್ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. “ಲ್ಯಾಬಿನಾಗ ಯಾವಾಗಲೂ ಪಂಪಿನಿಂದ ಶುರು ಮಾಡಿ ಹುಡುಕತೇವಿ,” ಎಂದರು. “ಅಲ್ಲೆ ಗಾಳಿ ಒಳಗ ಬರತದ. ಇಲ್ಲೆ ಪೆಟ್ರೋಲ್ ಹೊರಗ ಹೊಂಟಿತ್ತು. ಇಷ್ಟು ವರ್ಷ ನಾ ತಿರುವಿ ನೋಡಲೇ ಇಲ್ಲಲಾ ತಂಗಿ.” ಅವರ ಮುಖ ನೋಡಿ ಪಾಪ ಎನ್ನಿಸಿತು. ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಸ್ನಾನ ಮಾಡಿ, ಹುಡುಗನ ತಾಯಿಯ ಹಳೆಯ ಹತ್ತಿ ಸೀರೆಯುಟ್ಟು, ಒದ್ದೆ ಕೂದಲಲ್ಲಿ ಜಗಲಿಗೆ ಬಂದು ಕೂತೆ. ಅಂತೂ ಶಾಸ್ತ್ರ ಶುರುವಾಯಿತು. ಅರ್ಧ ಬೆಂದ ಕೇಸರಿಬಾತನ್ನು ಎಲ್ಲರೂ ಅಗಿದು ತಿಂದೆವು. ಹುಡುಗನ ತಂದೆ ಗಂಟಲು ಸರಿಮಾಡಿಕೊಂಡರು.

“ನಮಗೆ ಹುಡುಗಿ ಒಪ್ಪಿಗೆ. ಆದರೆ ಒಂದು ಮಾತು. ಅಹಮದಾಬಾದು ಇಲ್ಲಿಂದ ದೂರ. ಮದುವೆ ಆದ ಮೇಲೆ ಕೆಲಸ ಬಿಡಬೇಕಾಗುತ್ತೆ. ಅದಕ್ಕೆ ನಿಮ್ಮ ಕಡೆಯಿಂದ ಏನೂ ಅಭ್ಯಂತರ ಇಲ್ಲ ತಾನೆ?”

ನಾನು ತಲೆ ತಗ್ಗಿಸಿದೆ. ಹತ್ತಿ ಸೀರೆಯ ಅಂಚನ್ನು ಬೆರಳಿಗೆ ಸುತ್ತಿದೆ. ವೈನಿ ಗಂಡನ ತೊಡೆ ಚಿವುಟಿದರು.

“ಹುಡುಗಿ ಛಲೋ ಇದ್ದಾಳ,” ಎಂದು ಅವರು ಶುರು ಮಾಡಿದರು. “ಮನಿತನಾ ಛಲೋ ಅದ.” ಅಲ್ಲಿಗೆ ನಿಂತರು. ವೈನಿ ಮತ್ತೆ ಚಿವುಟಿದರು. ಮೂರನೆಯ ವಾಕ್ಯ ಬರಲಿಲ್ಲ. ಅವರು ಜೇಬಿನಿಂದ ಕಾರಿನ ಕೀಲಿ ತೆಗೆದು ಟೀಪಾಯಿಯ ಮೇಲಿಟ್ಟರು.

“ನೋಡ್ರಿ, ಓಡೋ ಗಾಡಿನ್ನ ತಂದು ಮನಿ ಮುಂದ ಸುಮ್ಮ ನಿಂದರಸಬೇಕು ಅಂತ ನಿಮಗ ಆಶಾ ಇದ್ರ, ಇದನ್ನ ಇಟ್ಕೋರಿ. ನಾವು ಬಸ್ಸಿಗೆ ಹೋಗ್ತೀವಿ. ಆಕಿನ್ನ ಮಾತ್ರ ನಿಂದರಸಬ್ಯಾಡ್ರಿ. ಆಕಿ ಯಂತ್ರದ ಮುಳ್ಳು ಇನ್ನೂ ಕೆಳಗ ಇಳೀಲಿಕ್ಕೆ ಹತ್ತೇದ. ನಾ ಹೋಗಿ ದಿನಾ ನೋಡತೇನಿ. ನನಗಿಂತ ಛಲೋ ಕೆಲಸ ಅದ ಆಕಿದು.”

ಅಷ್ಟು ವರ್ಷದಲ್ಲಿ ಅವರು ನನ್ನ ಮೂಗನ್ನು ಹೊಗಳಿದ್ದರೇ ಹೊರತು ನನ್ನ ಕೆಲಸದ ಬಗ್ಗೆ ಒಂದು ಮಾತು ಆಡಿರಲಿಲ್ಲ. ದಿನಾ ಬಂದು ನೋಡುತ್ತಿದ್ದರೆಂಬುದೂ ನನಗೆ ತಿಳಿದಿರಲಿಲ್ಲ. ಕಣ್ಣು ತುಂಬಿ ಬಂತು, ಮುಚ್ಚಿಡಲು ಹೋಗಲಿಲ್ಲ.

ಹುಡುಗನಿಗೆ ಬೇರೆಯೇ ಗಾಬರಿ. “ಸರ್, ಕಾರ್ ಇಲ್ಲಿ ಬಿಡೋಕೆ ಪರ್ಮಿಷನ್ ಇಲ್ಲ,” ಎಂದು ಕೀಲಿಯನ್ನು ಅವರ ಕಡೆಗೇ ತಳ್ಳಿದ. ಆಮೇಲೆ ತಂದೆಯ ಕಡೆ ತಿರುಗಿ, “ಪಪ್ಪಾ, ಇಲ್ಲಿಂದ ಕಿತನೇ ಜನ ಡೈಲಿ ಅಹಮದಾಬಾದ್ ಅಪ್‌ಡೌನ್ ಮಾಡ್ತಾರೆ ಟ್ರೇನ್‌ನಲ್ಲಿ. ಇವರೂ ಮಾಡ್ಲಿ. ಸ್ಟೇಷನ್‌ಗೆ ನಾನು ಛೋಡ್ತೀನಿ,” ಎಂದ.

ತಂದೆ ಹೆಂಡತಿಯ ಮುಖ ನೋಡಿದರು. ಆ ಮನೆಯಲ್ಲಿ ತೀರ್ಪು ಬೆತ್ತದ ಕುರ್ಚಿಯಿಂದ ಬರುತ್ತದೆಂದು ನನಗೆ ಗೊತ್ತಾದದ್ದು ಆಗಲೇ.

“ಹೋಗ್ಲಿ ಬಿಡ್ರೀ ಕೆಲಸಕ್ಕೆ,” ಎಂದರು ತಾಯಿ. “ಇಷ್ಟು ಚುರುಕಾದ ಮೂಗಿರೋಳು ದಿನಾ ಮನೇಲಿ ಕೂತ್ರೆ ನನ್ನ ಸಾರು ಹಳಸಿದ್ದು, ಹಾಲು ಸೀದಿದ್ದು ಒಂದನ್ನೂ ಬಿಡಲ್ಲ. ಬೆಳಿಗ್ಗೆ ಹೋಗಿ ಸಾಯಂಕಾಲ ಬರ್ಲಿ. ಇಬ್ಬರಿಗೂ ಕ್ಷೇಮ.”

ಎಲ್ಲರೂ ನಕ್ಕರು. ನಮ್ಮವರು ಮಾತ್ರ ನಗಲಿಲ್ಲ. ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಒಂದು ದೊಡ್ಡ ಕೆಲಸ ಮುಗಿಸಿದವರಂತೆ ಉಸಿರುಬಿಟ್ಟು, ನನ್ನ ಕಡೆ ತಿರುಗಿದರು. ಎಲ್ಲರ ಎದುರಿಗೇ, ಹುಡುಗನ ಎದುರಿಗೇ, ಜೋರಾಗಿ ಹೇಳಿದರು:

“ತಂಗಿ, ಕೆಲಸ ಅಂತೂ ಗಟ್ಟಿ ಆತು. ಇನ್ನ ಈ ಹುಡುಗನ್ನ ಮದವಿ ಆಗೂದು ಬಿಡೂದು ನಿನಗ ಬಿಟ್ಟದ್ದು. ಬ್ಯಾಡಂದ್ರ ಈಗಿಂದೀಗ ಹೋಗೂಣು, ಟ್ಯಾಂಕ್ ಇನ್ನೂ ಅರ್ಧಾ ಅದ.”

ವೈನಿ ಹಣೆ ಚಚ್ಚಿಕೊಂಡರು. ಅಪ್ಪ ಸಂಬಂಧ ಹುಡುಕಿದ್ದರು, ಅಮ್ಮ ಸೀರೆ ಕಳಿಸಿದ್ದರು, ಮಾವ ಒಪ್ಪಿಗೆ ಎಂದಿದ್ದರು. ನಿನಗೆ ಬೇಕೇ ಎಂದು ನನ್ನನ್ನು ಕೇಳಿದವರು ಅವರೊಬ್ಬರೇ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಉಗುರಿನ ಸಂದಿಯಲ್ಲಿ ಮಸಿ ಹೋಗದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹುಡುಗನೂ ನೋಡುತ್ತಿದ್ದ.

“ಈ ಮದುವೆ ಆಗಲಿ,” ಎಂದೆ.